ತಳದಲ್ಲಿ ಒಸಿ ಬೂದಿ ಇರಲಿ

ನಮ್ಮ ಅಡುಗೆಮನೆಯ ಹಿಂಬಾಗಿಲ ಪಕ್ಕದಲ್ಲಿ ಒಂದು ತಗಡಿನ ಡಬ್ಬವಿದೆ. ಒಂದು ಕಾಲದಲ್ಲಿ ಅದರಲ್ಲಿ ಬಿಸ್ಕತ್ತು ಇತ್ತಂತೆ. ನಾನು ನೋಡಿದಾಗಿನಿಂದ ಅದರಲ್ಲಿರುವುದು ಬೂದಿ. ಮನೆಗೆ ಗ್ಯಾಸು ಬಂದು, ಪಾತ್ರೆ ಉಜ್ಜುವ ನಿಂಬೆವಾಸನೆಯ ಸೋಪು ಬಂದು, ಬೂದಿಯೆಂಬುದಕ್ಕೆ ಈ ಲೋಕದಲ್ಲಿ ಯಾವ ಉದ್ಯೋಗವೂ ಉಳಿಯದ ಮೇಲೂ ನನ್ನ ಹೆಂಡತಿ ಜಯಮ್ಮ ಹಿತ್ತಿಲ ನೀರೊಲೆಯ ಬೂದಿಯನ್ನು ಜರಡಿ ಹಿಡಿದು ಆ ಡಬ್ಬಕ್ಕೆ ತುಂಬುವುದನ್ನು ಬಿಟ್ಟಿಲ್ಲ. ಯಾಕೆ ಬೇಕು ಇದು ಎಂದು ನಾನು ಮದುವೆಯಾದಾಗಿನಿಂದ ಕೇಳುತ್ತಿದ್ದೇನೆ; "ಇರ್ಲಿ ಬುಡಿ, ಬೇಕಾಯ್ತದೆ" ಎಂದು ಅವಳೂ ಮದುವೆಯಾದಾಗಿನಿಂದ ಹೇಳುತ್ತಿದ್ದಾಳೆ. ಬೂದಿ ಕಂಡರೆ ಮೂಗು ಮುರಿಯುವವರ ಪೈಕಿ ನೀವೂ ಒಬ್ಬರಾದರೆ, ಸ್ವಲ್ಪ ಹೊತ್ತು ನನ್ನ ಪಕ್ಕ ಈ ಜಗಲಿಯ ಮೇಲೆ ಕುಳಿತುಕೊಳ್ಳಿ.

ಮೊದಲು ನನ್ನ ಪ್ರವರ ಹೇಳಿಬಿಡುತ್ತೇನೆ, ಇಲ್ಲವಾದರೆ ಮುಂದಿನ ಮೂರ್ಖತನ ನಿಮಗೆ ಅರ್ಥವಾಗುವುದಿಲ್ಲ. ಚನ್ನಪಟ್ಟಣದಿಂದ ಹೊರಟು ಹೊಂಗನೂರಿನ ಸುತ್ತಮುತ್ತಲ ರೇಷ್ಮೆ ಹುಳುಮನೆಗಳಿಗೆ ಹೋಗಿ, ಗಾಳಿ, ಶಾಖ, ತೇವ ಇವೆಲ್ಲ ಹದವಾಗಿವೆಯೇ ಎಂದು ನೋಡಿ, ಇಲ್ಲದಿದ್ದರೆ ಬೈದು ಬರುವುದು ನನ್ನ ಉದ್ಯೋಗವಾಗಿತ್ತು. ಹುಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲೆಂದು ಸೊಪ್ಪು ತಿನ್ನುವುದನ್ನು ನಿಲ್ಲಿಸಿ ತಲೆಯೆತ್ತಿಕೊಂಡು ಅಲುಗಾಡದೆ ಇರುವಾಗ, ಹತ್ತಿರದಲ್ಲಿ ಒಗ್ಗರಣೆ ಹಾಕಿದವರನ್ನೂ ಬೀಡಿ ಹಚ್ಚಿದವರನ್ನೂ ನಾನು ಸುಮ್ಮನೆ ಬಿಟ್ಟವನಲ್ಲ. ಬೇಸಿಗೆಯಲ್ಲಿ ಥರ್ಮಾಮೀಟರು ಒಂದು ಗೆರೆ ಮೇಲೇರಿತೋ, ಕಿಟಕಿಗಳಿಗೆಲ್ಲ ಒದ್ದೆ ಗೋಣಿತಾಟು ಕಟ್ಟಿಸುತ್ತಿದ್ದೆ. ಹೀಗೆ ಬದುಕೆಲ್ಲ ಗಾಳಿಯನ್ನು ಆಳಿದವನಿಗೆ ನಿವೃತ್ತಿಯಾದ ಮೇಲೆ ಉಳಿದದ್ದು ಮನೆಯ ನಾಲ್ಕು ಕಿಟಕಿಗಳು ಮಾತ್ರ, ಅವುಗಳನ್ನು ತೆಗೆದು ಮುಚ್ಚಿ ತೆಗೆದು ಮುಚ್ಚಿ ಜಯಮ್ಮನ ಕೈಯಲ್ಲಿ ಬೈಸಿಕೊಳ್ಳುತ್ತಿದ್ದೆ.

ಅಂಥ ಹೊತ್ತಿನಲ್ಲಿ ಮಗಳು ರಮ್ಯಳ ಮದುವೆಯಾಯಿತು. ಸೋಲೂರಿನ ಬೀಗರು ತೆಂಗಿನ ತೋಟ, ಹಾಲು ಕರೆಯುವ ಹಸು ಎಲ್ಲ ಇಟ್ಟುಕೊಂಡ ದೊಡ್ಡ ಮನಸ್ಸಿನ ಮನುಷ್ಯರು. ಆ ದೊಡ್ಡ ಮನಸ್ಸು ತಡೆಯದೆ ಛತ್ರದಲ್ಲಿ ನೂರು ಜನರ ಎದುರಿಗೆ, "ನಮ್ ಬೀಗ್ರಿಗೆ ಈ ಸೀಮೇಲೇ ಇಲ್ಲದಂಥ ಒಲೆ ಕೊಡ್ತೀನಿ ಕಣ್ರಪ್ಪಾ" ಎಂದು ಕೂಗಿಬಿಟ್ಟರು. ಮಾಗಡಿ ಕಡೆ ಮುಚ್ಚಿಹೋದ ಒಂದು ರೆಸಾರ್ಟಿನವರಿಂದ ಅವರು ಅದನ್ನು ತಂದಿದ್ದರಂತೆ. ವಾರ ಕಳೆಯುವುದರಲ್ಲಿ ಹಾಲಿನ ವ್ಯಾನಿನಲ್ಲಿ ಒಣಹುಲ್ಲಿನ ನಡುವೆ ಆ ಒಲೆ ನಮ್ಮ ಮನೆಗೆ ಬಂದಿಳಿಯಿತು. ಕಬ್ಬಿಣದ ಸ್ಟ್ಯಾಂಡಿನ ಮೇಲೆ ಮುಕ್ಕಾಲಾಳು ಎತ್ತರ, ಕಡುಹಸಿರು ಮೆರುಗಿನ ಪಿಂಗಾಣಿ ಮೈ, ಮೊಟ್ಟೆಯ ಆಕಾರ, ಮೊಟ್ಟೆಯ ಮೇಲರ್ಧ ಮುಚ್ಚಳವಾಗಿ ಹಿಂದಕ್ಕೆ ತೆರೆದುಕೊಳ್ಳುತ್ತದೆ. ಒಳಗೆ ಇದ್ದಿಲು, ಇದ್ದಿಲಿನ ಮೇಲೆ ಜಾಲರಿ, ಜಾಲರಿಯ ಮೇಲೆ ಮಾಂಸ. ಹೊಟ್ಟೆಯ ಕೆಳಗೊಂದು ಗಾಳಿಕಿಂಡಿ, ನೆತ್ತಿಯ ಮೇಲೊಂದು ಗಾಳಿಕಿಂಡಿ. ಕೆಳಗಿನದನ್ನು ಒಂದು ಬೆರಳು ಸರಿಸಿದರೆ ಮುಚ್ಚಳದ ಮೇಲಿನ ಥರ್ಮಾಮೀಟರಿನ ಮುಳ್ಳು ಏರುತ್ತದೆ, ಎರಡು ಬೆರಳು ಮುಚ್ಚಿದರೆ ಇಳಿಯುತ್ತದೆ. ಥರ್ಮಾಮೀಟರು! ಅದನ್ನು ಕಂಡ ಕೂಡಲೇ ನನ್ನ ಕಣ್ಣಲ್ಲಿ ನೀರು ಬಂತೆಂದರೆ ನೀವು ನಗಬಾರದು.

ಬೀಗರ ಊಟವನ್ನು ಕೂಡಲೇ ಮಾಡಬೇಕಿತ್ತು, ಆದರೆ ಆಷಾಢ ಬಂತು, ಅದರ ಬೆನ್ನಿಗೆ ಶ್ರಾವಣ ಬಂತು, ಶ್ರಾವಣದಲ್ಲಿ ಬೀಗರ ಮನೆಯಲ್ಲಿ ಬಾಡು ಮುಟ್ಟುವುದಿಲ್ಲ. ಗೌರಿ ಗಣೇಶ ಕಳೆಯುವವರೆಗೆ ಸಿಕ್ಕ ಬಿಡುವನ್ನೆಲ್ಲ ನಾನು ಮೊಟ್ಟೆಒಲೆಗೆ ಧಾರೆಯೆರೆದೆ. ಗೆಣಸು ಸುಟ್ಟೆ, ಕೋಳಿ ಸುಟ್ಟೆ, ಎರಡು ಸಲ ಅಂಗೈ ಸುಟ್ಟುಕೊಂಡೆ. ಕೆಳಗಿನ ಗಾಳಿಕಿಂಡಿಯ ಹಿಡಿಗೆ ಪಕ್ಕದ ಬೀದಿಯ ಬೊಂಬೆ ಕೆಲಸದವರಿಂದ ಹಳದಿ ಅರಗಿನ ಗುಂಡಿ ಮಾಡಿಸಿ ಹಾಕಿಸಿದೆ. ಒಲೆ ಉರಿಯುವಾಗ ಹಿತ್ತಿಲಲ್ಲಿ ಯಾರೂ ಗಟ್ಟಿಯಾಗಿ ಮಾತನಾಡಕೂಡದೆಂದು ನಿಯಮ ಮಾಡಿದ್ದೆ. "ಅದೇನ್ ಜ್ವರಕ್ಕೆ ಕೂತದಾ?" ಎಂದು ಜಯಮ್ಮ ಕೇಳಿದಾಗ ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಬೂದಿಯ ವಿಷಯದಲ್ಲಿ ಮಾತ್ರ ನನಗೂ ಬೀಗರಿಗೂ ಒಮ್ಮತವಿರಲಿಲ್ಲ. ವಾರಕ್ಕೊಮ್ಮೆ ಅವರ ಫೋನು ಬರುತ್ತಿತ್ತು, ಯೋಗಕ್ಷೇಮಕ್ಕೆ ಮುಂಚೆ ಅವರು ಹೇಳುತ್ತಿದ್ದುದು ಒಂದೇ ಮಾತು, "ಬೀಗ್ರೇ, ಬೂದಿ ಪೂರಾ ತೆಗೀಬ್ಯಾಡಿ. ತಳದಾಗೆ ಒಸಿ ಇರ್ಲಿ." ಬೂದಿ ತುಂಬಿದರೆ ಗಾಳಿ ಸಾಗದು, ಗಾಳಿ ಸಾಗದಿದ್ದರೆ ಕೆಂಡ ಉಸಿರುಗಟ್ಟಿ ಸಾಯುತ್ತದೆ, ಇದು ಚಿಕ್ಕಮಕ್ಕಳಿಗೂ ಗೊತ್ತು. ತೆಂಗು ಬೆಳೆಯುವವರಿಗೆ ಗಾಳಿಯ ಮರ್ಮ ಏನು ಗೊತ್ತೆಂದು ಮನಸ್ಸಿನಲ್ಲೇ ನಕ್ಕು ಹೂಂ ಅನ್ನುತ್ತಿದ್ದೆ. ಆಷಾಢಕ್ಕೆಂದು ತವರಿಗೆ ಬಂದಿದ್ದ ರಮ್ಯ ಕೂಡ, ನಾನು ಬೂದಿ ಬಳಿದು ತೆಗೆಯಲು ಕೂತಾಗಲೆಲ್ಲ ಓಡಿ ಬಂದು, "ಅಷ್ಟು ಸಾಕು ಬುಡಪ್ಪ, ಕೈಯೆಲ್ಲಾ ಕೊಳೆ ಆಯ್ತದೆ" ಎಂದು ಎಬ್ಬಿಸಿಬಿಡುತ್ತಿದ್ದಳು. ಅಪ್ಪನ ಮೇಲೆ ಎಷ್ಟು ಅಕ್ಕರೆ ಎಂದು ನಾನು ಹಿಗ್ಗುತ್ತಿದ್ದೆ.

ಊಟದ ದಿನ ಭಾನುವಾರ ಎಂದು ಗೊತ್ತಾಯಿತು. ಸೋಲೂರಿಗೆ ಮರಳಿದ್ದ ರಮ್ಯ ಫೋನಿನಲ್ಲಿ, "ಅಪ್ಪಾ, ಇವ್ರ ಅಜ್ಜಿಯಿಂದ ಹಿಡಿದು ಎಲ್ರೂ ಆ ಒಲೇಲಿ ಬೆಂದಿದ್ ತಿನ್ನಕ್ಕೇ ಬತ್ತಾವ್ರೆ" ಅಂದಳು. ಆ ಮಾತು ಕೇಳಿ ನನಗೆ ಹೆದರಿಕೆಯಾಯಿತು, ಮುಚ್ಚಿಡುವುದೇನಿದೆ. ನನ್ನ ಮದುವೆಯ ಬೀಗರ ಊಟದಲ್ಲಿ ಜಯಮ್ಮನ ತವರಿನವರು ಬಡಿಸಿದ ಕುರಿಯ ಈಲಿ, ಅಂದರೆ ಲಿವರು, ಒಂದಿಷ್ಟು ಹಸಿಯಾಗಿತ್ತು. ಆ ಒಂದು ತುಂಡು ಈಲಿಯನ್ನು ನನ್ನ ಅವ್ವ ತಾನು ಸಾಯುವವರೆಗೂ ಮಾತುಮಾತಿಗೂ ಜಯಮ್ಮನಿಗೆ ಬಡಿಸುತ್ತಲೇ ಇದ್ದಳು, ನಾನು ಪಕ್ಕದಲ್ಲೇ ಕೂತು ಕೇಳಿಸದವನಂತೆ ಉಣ್ಣುತ್ತಿದ್ದೆ. ನನ್ನ ಮಗಳಿಗೆ ಅಂಥ ತುತ್ತು ಬರಬಾರದು. ಅವಳ ಮಾವ ಕೊಟ್ಟ ಒಲೆಯಲ್ಲಿ ಒಂದು ಇಡೀ ತೊಡೆಮಾಂಸ ಹದವಾಗಿ ಬೇಯಲೇಬೇಕಿತ್ತು.

ಆದ್ದರಿಂದ ಶನಿವಾರ ಬೆಳಿಗ್ಗೆ, ತಡೆಯುವುದಕ್ಕೆ ರಮ್ಯ ಇಲ್ಲದ ಹಿತ್ತಿಲಲ್ಲಿ, ಒಲೆಯ ಬೂದಿಯನ್ನು ಬುಡಸಮೇತ ತೆಗೆದೆ. ಬ್ರಷ್ಷು ಹಾಕಿದೆ, ಬಟ್ಟೆ ಹಾಕಿದೆ. ತಳದಲ್ಲಿ ಒಂದು ಕಡೆ ಬೂದಿ ಗಟ್ಟಿಯಾಗಿ ಹೆಪ್ಪುಗಟ್ಟಿ ಕೂತಿತ್ತು. ಸೋಲೂರಿನ ಅಶಾಸ್ತ್ರೀಯ ಪದ್ಧತಿಯ ಫಲ ಇದು ಎಂದುಕೊಂಡು ಈಳಿಗೆಮಣೆಯ ಪಕ್ಕದಲ್ಲಿದ್ದ ಹಳೇ ಚಾಕು ತಂದು ಅರ್ಧ ಗಂಟೆ ಕೂತು ಅದನ್ನು ಕೆರೆದು ತೆಗೆದೆ, ಅಡಿಯಲ್ಲಿ ಕಂಡ ಕಪ್ಪು ಗೆರೆಯನ್ನು ಮಸಿ ಎಂದುಕೊಂಡೆ, ತೆಗೆದದ್ದನ್ನೆಲ್ಲ ತೆಂಗಿನ ಬುಡಕ್ಕೆ ಸುರಿದೆ. ಒಲೆ ಕಾರ್ಖಾನೆಯಿಂದ ಆಗತಾನೆ ಇಳಿದದ್ದರ ಹಾಗೆ ಹೊಳೆಯುತ್ತಿತ್ತು.

ಮಧ್ಯಾಹ್ನ ಪರೀಕ್ಷೆಗೆಂದು ಇದ್ದಿಲು ಹಚ್ಚಿದೆ. ಮುಳ್ಳು ಏರಿತು, ಸರಿ. ಬೇಕಾದ ಹದಕ್ಕೆ ಬಂತು, ಸರಿ. ಕೆಳಗಿನ ಕಿಂಡಿ ಅರ್ಧ ಮುಚ್ಚಿದೆ, ಮುಳ್ಳು ಏರಿತು. ಪೂರಾ ಮುಚ್ಚಿದೆ, ಮುಳ್ಳು ಏರಿತು. ಗಾಳಿಯೇ ಹೋಗದ ಒಲೆಯಲ್ಲಿ ಬೆಂಕಿ ಬುಸುಗುಟ್ಟುತ್ತ ಏರುವುದೆಂದರೇನು, ಸ್ವಾಮಿ? ಇಷ್ಟು ವರ್ಷ ನಾನು ಹೇಳಿಕೊಟ್ಟ ಗಾಳಿಯ ಶಾಸ್ತ್ರವೆಲ್ಲ ನನ್ನ ಹಿತ್ತಿಲಲ್ಲೇ ಸುಳ್ಳಾಗುತ್ತಿತ್ತು. ಮುಳ್ಳು ಕೊನೆಯ ಅಂಕಿಯನ್ನೂ ದಾಟಿ ಹೋದಾಗ ನನ್ನ ತಲೆ ಓಡಲಿಲ್ಲ, ಕೈ ಮಾತ್ರ ಓಡಿತು. ಅಷ್ಟು ವರ್ಷಗಳ ಸರ್ವೀಸಿನಲ್ಲಿ ಆ ಕೈ ಕಲಿತಿದ್ದದ್ದು ಒಂದೇ ಉಪಾಯ. ಗೋಣಿತಾಟನ್ನು ನೀರಿನ ತೊಟ್ಟಿಯಲ್ಲಿ ಅದ್ದಿ, ಕಾದ ಒಲೆಯ ತಲೆಯ ಮೇಲೆ ಹೊದಿಸಿಬಿಟ್ಟೆ.

ಟಪ್ ಎಂದು ಸದ್ದಾಯಿತು. ದೊಡ್ಡ ಸದ್ದೇನಲ್ಲ, ಆದರೆ ನನ್ನ ಎದೆಗೆ ಚೆನ್ನಾಗಿ ಕೇಳಿಸಿತು. ಗೋಣಿ ತೆಗೆದು ನೋಡಿದರೆ ಮುಚ್ಚಳದ ಹಣೆಯ ಮೇಲೆ ಅಡ್ಡಡ್ಡ ಗೇಣುದ್ದದ ಬಿರುಕು.

ಜಯಮ್ಮ ಬಂದು ನೋಡಿದಳು. ನಾನು ಬೈಗುಳಕ್ಕೆ ತಯಾರಾಗಿ ನಿಂತಿದ್ದೆ, ಅವಳು ಒಲೆ ಆರುವುದನ್ನು ಕಾದಳು. ಒಲೆ ಆರಿದ ಮೇಲೆ ಹುತ್ತದ ಮಣ್ಣು ತಂದಳು, ಚೂರು ಬೆಲ್ಲ ಕರಗಿಸಿದಳು, ಆಮೇಲೆ ಹಿಂಬಾಗಿಲಿಗೆ ಹೋಗಿ ಆ ತಗಡಿನ ಡಬ್ಬ ಎತ್ತಿಕೊಂಡು ಬಂದಳು. ಮಣ್ಣು, ಬೂದಿ, ಬೆಲ್ಲದ ನೀರು ಕಲಸಿ ಬಿರುಕಿಗೆ ಮೆತ್ತಿದಳು. ಅದು ಒಣಗಿದಾಗ ಕಡುಹಸಿರಿನ ಮೇಲೆ ಬೆಳ್ಳಗೆ ಒಂದು ಪಟ್ಟಿ, ಬೀದಿಯ ಕೊನೆಯಿಂದಲೂ ಕಾಣುವಂತೆ. ಸ್ವಲ್ಪ ಹೊತ್ತು ತಲೆ ಓರೆ ಮಾಡಿ ನೋಡಿದ ಜಯಮ್ಮ ಅದರ ಮೇಲೊಂದು, ಕೆಳಗೊಂದು, ಅದೇ ಅಳತೆಯ ಇನ್ನೆರಡು ಪಟ್ಟಿ ಎಳೆದಳು. ನಡುವೆ ಕುಂಕುಮದ ಬೊಟ್ಟಿಟ್ಟಳು. "ಒಂದ್ ಗೀಟಿದ್ರೆ ಒಡದದೆ ಅಂತಾರೆ. ಮೂರಿದ್ರೆ ಕೈ ಮುಗೀತಾರೆ" ಎಂದು ಕೈ ತೊಳೆಯಲು ಹೋದಳು.

ಭಾನುವಾರ ಅದು ಅಕ್ಷರಶಃ ನಡೆಯಿತು. ಬೀಗರ ತಾಯಿ, ತುಂಬು ವಯಸ್ಸಿನ ಅಜ್ಜಿ, ವ್ಯಾನಿನಿಂದ ಇಳಿದು ಹಿತ್ತಿಲಿಗೆ ಬಂದವರೇ ಮೂರು ಪಟ್ಟೆ ಧರಿಸಿದ ಆ ಕಡುಹಸಿರು ಮೂರ್ತಿಯನ್ನು ಕಂಡು ಚಪ್ಪಲಿ ಬಿಟ್ಟರು. "ಶಿವನೇ ನಮ್ಮಪ್ಪಾ" ಎಂದು ಗಲ್ಲ ಬಡಿದುಕೊಂಡರು. ಹಿಂದೆ ಬಂದವರೂ ಸಾಲಾಗಿ ಚಪ್ಪಲಿ ಬಿಟ್ಟರು. ಯಾರೋ ಎಲೆಯಡಿಕೆ ಇಟ್ಟರು, ಬೀಗಿತಿ ಊದಿನಕಡ್ಡಿ ಹಚ್ಚಿ, ಚುಚ್ಚಲು ಜಾಗ ಹುಡುಕಿ, ಕೊನೆಗೆ ನನ್ನ ಹಳದಿ ಗುಂಡಿಯ ಗಾಳಿಕಿಂಡಿಯೊಳಕ್ಕೇ ಸಿಕ್ಕಿಸಿದರು. ಮಸಾಲೆ ಹಚ್ಚಿದ ತೊಡೆಮಾಂಸದ ತಟ್ಟೆ ಹಿಡಿದು ನಿಂತಿದ್ದ ನಾನು ಅದನ್ನು ಬೆನ್ನ ಹಿಂದೆ ಮರೆಮಾಡಿದೆ. "ಇದ್ರೊಳಗೆ ಬಾಡು ಗೀಡು ಬೇಯ್ಸೀರಿ, ಹುಷಾರು!" ಎಂದರು ಅಜ್ಜಿ.

ಆಗ ಊದಿನಕಡ್ಡಿಯ ಹೊಗೆ ಹೊರಬಂತು. ನೆತ್ತಿಯ ಕಿಂಡಿಯಿಂದ ಬರಬೇಕಾದದ್ದು ಒಲೆಯ ಬುಡದಿಂದ, ಕಬ್ಬಿಣದ ಸ್ಟ್ಯಾಂಡಿನ ಪಟ್ಟಿಯ ಮರೆಯಿಂದ, ಎಳೆಎಳೆಯಾಗಿ ಬಂತು. ಬೀಗರು ಆ ಹೊಗೆಯನ್ನು ನೋಡಿದರು, ನಾನು ಬೀಗರನ್ನು ನೋಡಿದೆ. ಅವರ ಮುಖ ಬೆಳ್ಳಗಾಗಿತ್ತು. ನನ್ನ ಮೊಣಕೈ ಹಿಡಿದು ತೆಂಗಿನ ಮರದ ಹತ್ತಿರಕ್ಕೆ ಎಳೆದುಕೊಂಡು ಹೋದರು.

"ಬೂದಿ ಪೂರಾ ತೆಗೆದ್ಬುಟ್ರಾ?"

"ಚೊಕ್ಕಟ ಮಾಡ್ದೆ."

"ತಳದಾಗೆ ಗಟ್ಟಿಯಾಗಿ ಒಸಿ ಅಂಟ್ಕಂಡಿತ್ತಲ್ಲ?"

"ಚಾಕು ಹಾಕಿ ಕೆರೆದೆ."

"ಅಯ್ಯೋ, ಅದು ಬೂದಿ ಅಲ್ಲ ಬೀಗ್ರೇ, ನಮ್ ಮರ್ವಾದೆ!"

ರೆಸಾರ್ಟಿನಿಂದ ತಂದು ಇಳಿಸುವಾಗಲೇ ಒಲೆಯ ತಳ ಸೀಳಿತ್ತಂತೆ. ನೂರು ಜನರ ಎದುರು ಮಾತು ಕೊಟ್ಟಾಗಿತ್ತು, ಹಿಂದೆಗೆಯುವಂತಿಲ್ಲ. ಬೀಗಿತಿ ಮಣ್ಣಿಗೆ ಬೂದಿ ಕಲಸಿ ಒಳಗಿನಿಂದ ಮೆತ್ತಿದ್ದರು. ಆ ಮೆತ್ತಿಗೆಯನ್ನು ನಾನು ಅರ್ಧ ಗಂಟೆ ಕಷ್ಟಪಟ್ಟು ಕೆರೆದು, ಗಾಳಿಗೆ ಹೊಸ ಬಾಗಿಲು ತೆರೆದು, ಕಿಂಡಿಯ ಮುಂದೆ ಕೂತು ಶಾಸ್ತ್ರ ಓದುತ್ತಿದ್ದೆ. ನಾನೂ ನನ್ನ ಮೂರು ಪಟ್ಟೆಗಳ ಪುರಾಣ ಒಪ್ಪಿಸಿದೆ. ಬೀಗರು ಒಮ್ಮೆ ಒಲೆಯ ಕಡೆ, ಒಮ್ಮೆ ಕೈಮುಗಿದು ನಿಂತಿದ್ದ ತಮ್ಮ ತಾಯಿಯ ಕಡೆ ನೋಡಿ ಹೆಗಲ ಮೇಲಿನ ಟವೆಲನ್ನು ಬಾಯಿಗೆ ತುರುಕಿಕೊಂಡು ನಕ್ಕರು. ನಾನು ಮರಕ್ಕೆ ಆತುಕೊಂಡು ನಕ್ಕೆ. "ಅವ್ವ ಕೈ ಮುಗುದ್ಬುಟ್ಟವ್ಳೆ, ಇನ್ ನಾವಿಬ್ರೂ ಬಾಯ್ ಬುಡಂಗಿಲ್ಲ" ಎಂದು ಅವರು ಕಣ್ಣೊರೆಸಿಕೊಂಡರು. ತೊಡೆಮಾಂಸ ಕತ್ತರಿಸಲ್ಪಟ್ಟು ಜಯಮ್ಮ ಹಿತ್ತಿಲ ನೀರೊಲೆಯ ಮೇಲಿಟ್ಟಿದ್ದ ಸಾರಿಗೆ ಬಿತ್ತು, ಅಜ್ಜಿ ಎರಡನೇ ಮುದ್ದೆ ಕೇಳಿ ಹಾಕಿಸಿಕೊಂಡರು.

ಸಂಜೆ ಅವರೆಲ್ಲ ವ್ಯಾನು ಹತ್ತುವ ಹೊತ್ತಿಗೆ ರಮ್ಯ ಒಬ್ಬಳೇ ಹಿತ್ತಿಲಿಗೆ ಬಂದಳು. ಅವಳಿಗೆ ಎಲ್ಲವನ್ನೂ ಹೇಳಿ ನಗಿಸಬೇಕೆಂದು ನಾನು ತಳದ ಸೀಳಿನಿಂದ ಶುರುಮಾಡಿದೆ.

"ತಳ ಒಡದಿದ್ದು ಗೊತ್ತಪ್ಪ" ಅಂದಳು. "ಮದುವೆ ಆದ್ ವಾರವೇ ಅತ್ತೆ ಹೇಳಿದ್ರು."

"ಆಷಾಢದಲ್ಲಿ ತಿಂಗಳು ಪೂರ್ತಿ ಇಲ್ಲೇ ಇದ್ದಲ್ಲವ್ವಾ. ನನಗೊಂದ್ ಮಾತು ಹೇಳಬಾರದಾಗಿತ್ತಾ?"

ಅವಳು ನನ್ನ ಮುಖ ನೋಡಿದಳು. "ಹೆಂಗಪ್ಪಾ ಹೇಳ್ಲಿ? ಅದು ನಮ್ಮನೆ ಮಾತಲ್ವಾ?"

ಸೋಲೂರಿನ ಮನೆಯನ್ನು ಅವಳು ಹಾಗೆ ಕರೆದದ್ದು ನಾನು ಮೊದಲ ಸಲ ಕೇಳಿದ್ದು. ಅವಳ ಗಮನಕ್ಕೇ ಬಂದಿರಲಿಲ್ಲ. ಧಾರೆ ಎರೆದಾಗ, ಕಾರು ಹತ್ತಿಸಿದಾಗ ಅಳದವನು ಆಗ ಒಲೆಯ ಕಡೆ ಮುಖ ತಿರುಗಿಸಿಕೊಂಡೆ. ನೋವೂ ಆಯಿತು, ಅದಕ್ಕಿಂತ ಹೆಚ್ಚಾಗಿ ನಿಶ್ಚಿಂತೆಯೂ ಆಯಿತು, ಎರಡೂ ಒಟ್ಟಿಗೇ ಬಂದವು. ಅವಳ ಬಗ್ಗೆ ನಾನು ಹೆದರಿಕೊಳ್ಳಬೇಕಾದದ್ದು ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ಜಯಮ್ಮ ಡಬ್ಬದಿಂದ ಬೂದಿ ತೆಗೆದು ಒಂದು ಕವರಿಗೆ ಹಾಕಿ ಮಗಳ ಕೈಗೆ ಕೊಟ್ಟಳು, ಅವಳು ಯಾಕೆಂದು ಕೇಳದೆ ತೆಗೆದುಕೊಂಡಳು.

ಒಲೆ ಈಗಲೂ ಹಿತ್ತಿಲಲ್ಲಿದೆ, ಹಣೆಯ ಪಟ್ಟೆಗಳು ಹಾಗೆಯೇ ಇವೆ. ಅಜ್ಜಿಯ ಅಪ್ಪಣೆ ಮೀರುವ ಧೈರ್ಯ ಯಾರಿಗೂ ಇಲ್ಲವಾಗಿ, ಮಾಂಸಕ್ಕೆಂದೇ ಹುಟ್ಟಿದ ಆ ಒಲೆ ಗೆಣಸು, ಜೋಳ, ಕಡಲೆಕಾಯಿ ಸುಟ್ಟುಕೊಂಡು ಸಾತ್ವಿಕವಾಗಿ ಬಾಳುತ್ತಿದೆ. ತಳವನ್ನು ನಾನೇ ಮೆತ್ತಿದ್ದೇನೆ. ಬೂದಿ ಬಳಿಯಲು ಕೂತಾಗ ಕೈ ಅಲ್ಲಿಗೆ ಬಂದ ಕೂಡಲೇ ತಾನೇ ನಿಲ್ಲುತ್ತದೆ. ಬಳಿದದ್ದನ್ನು ಜರಡಿ ಹಿಡಿದು ತಗಡಿನ ಡಬ್ಬಕ್ಕೆ ತುಂಬುತ್ತೇನೆ. ಮೊನ್ನೆ ಸೋಲೂರಿನಿಂದ ಬೀಗರ ಫೋನು ಬಂದಾಗ ನಾನು ಡಬ್ಬದ ಮುಚ್ಚಳ ಹಾಕುತ್ತಿದ್ದೆ. ಯೋಗಕ್ಷೇಮ ಆಯಿತು, ಮಳೆಯ ಮಾತಾಯಿತು, ಫೋನು ಇಡುವ ಮುಂಚೆ ನಾನೇ ಕೇಳಿದೆ, "ನಿಮ್ಮನೆ ಸೊಸೆ ಹೆಂಗವ್ಳೆ ಬೀಗ್ರೇ?"