ಫರಂಗೀಸಳ ಬೇಕು-ಬೇಡದ ಪೆಟ್ಟಿಗೆ

ನಾನು ಕೌಕಬ್. ಕಾಶಾನ್ ಊರಿನ ನಮ್ಮ ಧರ್ಮದ ಕಣ್ಣಾಸ್ಪತ್ರೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಚಹಾ ಕಾಯಿಸುತ್ತಿದ್ದೇನೆ. ಓದು ಬರಹ ಅಷ್ಟಕ್ಕಷ್ಟೇ. ಆದರೆ ಫರಂಗೀಸಳ ಕಥೆ ಹೇಳಲು ಓದು ಯಾಕೆ ಬೇಕು? ಅವಳ ಮೇಜಿಗೂ ನಾನು ಚಹಾದ ನೀರು ಕಾಯಿಸುವ ಸಮೋವರಿಗೂ ನಡುವೆ ಇರುವುದು ಒಂದೇ ಬಾಗಿಲು, ಅದಕ್ಕೂ ಕದವಿಲ್ಲ.

ಫರಂಗೀಸ್ ನಮ್ಮಲ್ಲಿ ಬಂದವರ ಹೆಸರು ಬರೆದುಕೊಳ್ಳುವವಳು. ಐವತ್ತೆರಡು ವಯಸ್ಸು. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದನ್ನು ಆಮೇಲೆ ಹೇಳುತ್ತೇನೆ, ಅದಕ್ಕೂ ಈ ಕಥೆಗೂ ಸಂಬಂಧವಿದೆ. ಬಲು ಮೆತ್ತಗಿನ ಹೆಂಗಸು, ಅದೇ ನನಗೆ ಸಿಟ್ಟು. ಯಾರಾದರೂ ಕಾಲು ತುಳಿದರೆ ತಾನೇ ಕ್ಷಮೆ ಕೇಳುತ್ತಾಳೆ. ಆದರೆ ತಲೆ ಮಾತ್ರ ಚುರುಕು. ಮೂಲೆಗೆ ಬಿದ್ದಿದ್ದ ಕಂಪ್ಯೂಟರನ್ನು ಒರೆಸಿ ಎಬ್ಬಿಸಿ, ಯಾರೂ ಹೇಳಿಕೊಡದೆ ಅದಕ್ಕೆ ಕೆಲಸ ಕಲಿಸಿದಳು. ಒಂದರ ಕೆಳಗೊಂದು ಅಪ್ಪಣೆ ಬರೆಯುತ್ತಾಳೆ, ಅದಕ್ಕೆ ಸ್ಕ್ರಿಪ್ಟ್ ಅನ್ನುತ್ತಾರಂತೆ. ಯಾರಿಗೆ ಯಾವ ದಿನ ಆಪರೇಷನ್, ಯಾರಿಗೆ ಯಾವ ಕಣ್ಣು, ಯಾರನ್ನು ಕರೆತರಲು ಡ್ರೈವರ್ ಸೈಫುಲ್ಲಾ ಗಾಡಿ ತೆಗೆದುಕೊಂಡು ಹೋಗಬೇಕು, ಎಲ್ಲ ಅದರೊಳಗೆ.

ಮೊದಲು ಕಪ್ಪು ಪರದೆಯ ಮುಂದೆ ಕೂತು ರೋಗಿಗಳನ್ನು ಅವಳೇ ಕೇಳುತ್ತಿದ್ದಳು, ಅವರ ಉತ್ತರ ಅವಳೇ ಕುಟ್ಟುತ್ತಿದ್ದಳು. ಅಷ್ಟರಲ್ಲಿ ನಮ್ಮ ಟ್ರಸ್ಟಿನ ಇಂಜಿನಿಯರ್ ಕಾರ್ದಾನ್ ಸಾಹೇಬರು ಬಂದರು. ಹನ್ನೆರಡು ವರ್ಷ ಜರ್ಮನಿಯಲ್ಲಿದ್ದು ಬಂದ ಮನುಷ್ಯ. ಕೆಟ್ಟವರಲ್ಲ, ಆದರೆ ಗಡಿಯಾರ ನೋಡಿಕೊಂಡು ಮಾತಾಡುವವರು.

"ರೋಗಿ ಉತ್ತರ ರೋಗಿಯೇ ಕೊಡ್ಲಿ, ಫರಂಗೀಸ್ ಖಾನಂ," ಅಂದರು. "ನೀವು ಮಧ್ಯ ಬಾಯಿ ಹಾಕ್ಬೇಡಿ. ಗಾಡಿ ಯಾರಿಗೆ ಬೇಕು ಅಂತ ನನಗೆ ಸರಿಯಾದ ಲೆಕ್ಕ ಸಿಗ್ಬೇಕು. ಗಾಡಿ ಇರೋದು ಒಂದೇ. ಬೇಸಿಗೆ ಕಳೆದು ಬರೋ ಮೆಹರ್ ತಿಂಗಳ ಕೊನೆಗೆ ನೋಡ್ತೀನಿ. ಇಲ್ಲಿ ಯಾರೂ ಕೇಳಿಲ್ಲ ಅಂದ್ರೆ, ಕೇಳೋ ಕಡೆ ಕಳಿಸ್ತೀನಿ."

ಫರಂಗೀಸ್ ಆ ಬೇಸಿಗೆಯೆಲ್ಲ ಕೂತು ಪೆಟ್ಟಿಗೆ ಕಲಿತಳು. ಪರದೆಯ ನಡುವೆ ಒಂದು ಪೆಟ್ಟಿಗೆ ತೆರೆದುಕೊಳ್ಳುತ್ತದೆ, ಒಂದು ಪ್ರಶ್ನೆ ಕೇಳುತ್ತದೆ, ಕೆಳಗೆ ಎರಡು ಗುಂಡಿ. ಬೆರಳಿಟ್ಟರೆ ಸಾಕು.

"ಇದನ್ನೆಲ್ಲ ನೀನೇ ಮಾಡಿದ್ಯೇನೇ?" ಅಂತ ಕೇಳಿದೆ.

"ಇಲ್ಲ ಕೌಕಬಕ್ಕ. ಲೈಬ್ರರಿ ಅಂತಿದೆ. ಯಾರೋ ಪುಣ್ಯಾತ್ಮರು ಬರೆದಿಟ್ಟಿರೋದು. ಪಕ್ಕದ ಮನೆಯಿಂದ ಹೆಪ್ಪು ತರ್ತೀವಲ್ಲ, ಹಾಗೆ. ಹಾಲು ನಮ್ಮದು."

ಹೆಪ್ಪೇನೋ ಬಂತು, ಆದರೆ ಪರ ಊರಿನ ಹೆಪ್ಪು. ಮೊದಲ ದಿನ ಬಲದಿಂದ ಎಡಕ್ಕೆ ಕೈಹಿಡಿದು ಸಾಗುವ ನಮ್ಮ ಅಕ್ಷರಗಳೆಲ್ಲ ಹಿಂದುಮುಂದಾಗಿ, ಒಂದರ ಕೈ ಒಂದು ಬಿಟ್ಟು ನಿಂತಿದ್ದವು. ಅದನ್ನು ಸರಿಮಾಡಲು ಎರಡು ವಾರ ಹಿಡಿಯಿತು. ಕೊನೆಗೆ ಪೆಟ್ಟಿಗೆ ನೆಟ್ಟಗೆ ಕೇಳಿತು: ಆಪರೇಷನ್ ದಿನ ನಿಮ್ಮನ್ನು ಕರೆತರಲು ಗಾಡಿ ಕಳಿಸಬೇಕೇ? ಬಲಕ್ಕೆ ಬೇಕು, ಎಡಕ್ಕೆ ಬೇಡ. ಓದು ಬಾರದವರಿಗೆ, ಕಣ್ಣು ಮಂಜಾದವರಿಗೆ ಫರಂಗೀಸ್ ಒಂದು ಸಲ ಓದಿ ಹೇಳಿ, ಗುಂಡಿ ತೋರಿಸಿ ಬಾಯಿ ಮುಚ್ಚಿಕೊಳ್ಳುವಳು. ಸಾಹೇಬರ ಅಪ್ಪಣೆ.

ಮೊದಲ ದಿನ ಐದು ಜನ ಬಂದರು. ಐದೂ ಬೇಡ. ಮಾರನೇ ದಿನ ನಾಲ್ಕು ಬೇಡ. ಮೂರನೇ ದಿನ ಕೋಲೂರಿಕೊಂಡು ಬಂದ, ಎರಡೂ ಕಣ್ಣಿಗೆ ಪೊರೆ ಬಂದ ಮುದುಕ. ಬಾಗಿಲು ಯಾವುದು ಗೋಡೆ ಯಾವುದು ಅಂತ ತಿಳಿಯದು, ಬೇಡ ಒತ್ತಿ ಹೋದ.

"ಇವ್ರಿಗೆಲ್ಲ ಒಂದೇ ವಾರದಲ್ಲಿ ಕಾರು ಬಂತಾ?" ಅಂದೆ.

ಫರಂಗೀಸ್ ಆಗಲೇ ಪರದೆಗೆ ಮುಖ ಹಚ್ಚಿದ್ದಳು. "ನಾನೇ ಎಲ್ಲೋ ತಿರುಗಾಮುರುಗಾ ಬರ್ದಿದ್ದೀನಿ ಅಕ್ಕ. ಬೇಕು ಅಂದ್ರೆ ಬೇಡ ಅಂತ ಬೀಳ್ತಿರ್ಬೇಕು."

ಹುಡುಕಿದಳು. ಸಾಲು ಸಾಲು ಬೆರಳಿಟ್ಟು ಓದಿದಳು. ತಾನೇ ಒತ್ತಿ ನೋಡಿದಳು, ಬೇಕು ಅಂದರೆ ಬೇಕೇ ಬಂತು. ನನ್ನ ಕೈಲಿ ಒತ್ತಿಸಿದಳು, ಸರಿಯಾಗೇ ಬಂತು. ಕಣ್ಣು ಕಾಣದವರಲ್ಲವೇ, ಗುಂಡಿ ತಪ್ಪಿರಬೇಕು ಅಂತ ಅಕ್ಷರವನ್ನು ಬದನೆಕಾಯಿ ಗಾತ್ರ ಮಾಡಿದಳು. ಬದನೆಕಾಯಿ ಗಾತ್ರದ ಬೇಡ ಬಂತು. ಬಣ್ಣ ಬದಲಿಸಿದಳು. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಮಾಡಿದಳು. ಅವರೂ ಹುಡುಕಿಕೊಂಡು ಹೋಗಿ ಬೇಡವನ್ನೇ ಒತ್ತಿದರು. ನನಗೂ ತಲೆ ಗಿರ್ರೆಂದಿತು. ದೃಷ್ಟಿ ತಾಗಿದೆ ಅಂತ ಕಂಪ್ಯೂಟರಿನ ಮುಂದೆ ಇಸ್ಪಂದ್ ಬೀಜದ ಹೊಗೆ ಕೂಡ ಹಾಕಿದೆ. ಫರಂಗೀಸ್ ಕೆಮ್ಮಿದಳು, ಕಂಪ್ಯೂಟರು ಸುಮ್ಮನಿತ್ತು.

ಆಮೇಲೆ ನಿಜವಾದ ಕಷ್ಟ ಶುರುವಾಯಿತು. ಆಪರೇಷನ್ ದಿನ ಜನ ಬರಲಿಲ್ಲ. ಡಾಕ್ಟರು ಕೈ ತೊಳೆದು ಕಾದರು, ಹಾಸಿಗೆ ಖಾಲಿ. ಸೈಫುಲ್ಲಾ ಗಾಡಿಯನ್ನು ಮೂರು ಮೂರು ಸಲ ತೊಳೆದು, ಅಂಗಳದಲ್ಲಿ ಕೂತು ಜಪಮಣಿ ಎಣಿಸಿದ. ಮೆಹರ್ ತಿಂಗಳು ಮುಗಿಯಲು ನಾಲ್ಕು ದಿನ ಉಳಿದಾಗ ಪಟ್ಟಿಯಲ್ಲಿದ್ದ ಮೂವತ್ತೊಂದು ಹೆಸರಿನ ಮುಂದೂ ಬೇಡ. ಗಾಡಿ ಹೋದರೆ ಗುಡ್ಡದ ಮೇಲಿನ ಹಳ್ಳಿಗಳ ಮುದುಕರಿಗೆ ಕುರುಡೇ ಗತಿ, ಅದು ನಮ್ಮಿಬ್ಬರಿಗೂ ಗೊತ್ತು.

ಆ ಮೂವತ್ತೊಂದನೆಯವಳಾಗಿ ಅವತ್ತು ನಿಯಾಸರ ಹಳ್ಳಿಯ ತೂಬಾ ಖಾನಂ ಬಂದಿದ್ದಳು. ಎಂಬತ್ತು ದಾಟಿದ ಜೀವ, ಪಕ್ಕದ ಮನೆಯವನ ಮೋಟಾರು ಬೈಕಿನ ಹಿಂದೆ ಕೂತು ಬಂದವಳು. ಬೇಡ ಒತ್ತಿದಳು. ಒತ್ತಿ, ಎದ್ದು ಹೋಗದೆ ಬೆಂಚಿನ ಮೇಲೆ ಕೂತಳು. ಒಂದು ಗಂಟೆಯಾಯಿತು, ಎರಡಾಯಿತು. ಮಧ್ಯಾಹ್ನದ ಬಾಂಗಿನ ಹೊತ್ತಿಗೂ ಅಲ್ಲೇ ಇದ್ದಳು. ಚಹಾ ಕೊಟ್ಟು ಕೇಳಿದೆ.

"ಏನಜ್ಜಿ, ಇನ್ನೂ ಏನಾದ್ರೂ ಕೆಲಸ ಇತ್ತಾ?"

"ಇನ್ನೊಂದ್ಸಲ ಕೇಳ್ಲಿ ಅಂತ ಕೂತಿದೀನಮ್ಮ."

"ಯಾರು ಕೇಳ್ಬೇಕು?"

"ಅದೇ, ಆ ಪೆಟ್ಟಿಗೆ. ಒಂದೇ ಸಲ ಕೇಳಿ ಮುಖ ತಿರುಗಿಸ್ಕೊಂಡ್ತಲ್ಲ. ಬಾಯುಪಚಾರಕ್ಕೆ ಕೇಳ್ತೋ, ಮನಸಿಂದ ಕೇಳ್ತೋ ನಂಗೇನ್ ಗೊತ್ತು? ಮೊದಲನೇ ಸಲಕ್ಕೇ ಬೇಕು ಅನ್ನೋಕೆ ನಾನೇನು ಮಾನಗೆಟ್ಟವಳಾ?"

ಫರಂಗೀಸಳ ಕೈಯಿಂದ ಪೆನ್ನು ಜಾರಿತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನಮ್ಮ ಬಾಳು. ಮೊದಲೆಲ್ಲ ಬಾಯಲ್ಲಿ ಕೇಳುತ್ತಿದ್ದಾಗ ಅವರು ಬೇಡ ಅಂದರೆ ಇವಳು "ಅಯ್ಯೋ ಹಾಗನ್ಬೇಡಿ" ಅನ್ನುವಳು. ಅವರು ಮತ್ತೆ "ನಿಮಗ್ಯಾಕಮ್ಮ ತೊಂದರೆ" ಅನ್ನುವರು. ಇವಳು ಮೂರನೇ ಸಲ ಕೇಳುವಳು, ಅವರು ಕೈ ಎತ್ತಿ ಹರಸಿ ಒಪ್ಪುವರು. ಉಸಿರಾಡಿದ ಹಾಗೆ ನಡೆಯುತ್ತಿದ್ದದ್ದು. ಉಸಿರನ್ನು ಯಾರು ಎಣಿಸುತ್ತಾರೆ? ಅವಳೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ.

ಅವತ್ತೇ ಕೂತು ಪೆಟ್ಟಿಗೆಗೆ ಮರ್ಯಾದೆ ಕಲಿಸಿದಳು. ಬೇಡ ಒತ್ತಿದರೆ ಇನ್ನೊಂದು ಪೆಟ್ಟಿಗೆ: ನಮಗೇನೂ ತೊಂದರೆಯಿಲ್ಲ, ದಯವಿಟ್ಟು ಹೇಳಿ. ಅದಕ್ಕೂ ಬೇಡವೆಂದರೆ ಮೂರನೆಯದು: ನೀವು ಒಪ್ಪದಿದ್ದರೆ ನಮ್ಮ ಮನಸ್ಸಿಗೆ ನೋವಾಗುತ್ತದೆ, ಗಾಡಿ ಕಳಿಸೋಣವೇ? ತೂಬಾ ಖಾನಂ ಮೂರನೆಯದಕ್ಕೆ ಬೇಕು ಒತ್ತಿ, ಪರದೆಗೆ ಎರಡು ಸಲ ತಲೆಬಾಗಿ ಮನೆಗೆ ಹೋದಳು.

ಉಳಿದ ಮೂರು ದಿನದಲ್ಲಿ ಇನ್ನೂ ಐದು ಬೇಕು ಬಂತು. ತಿಂಗಳ ಕೊನೆಯ ದಿನ ಇಂಜಿನಿಯರ್ ಸಾಹೇಬರು ಬಂದು, ನಿಂತುಕೊಂಡೇ ಪಟ್ಟಿ ನೋಡಿದರು.

"ಮೂವತ್ತು ಬೇಡ, ಆರು ಬೇಕು. ಇದೇನು ಲೆಕ್ಕ ಅಂತ ನನಗೆ ಅರ್ಥ ಆಗ್ತಿಲ್ಲ. ನೀವೇ ಹೇಳಿ, ಫರಂಗೀಸ್ ಖಾನಂ. ಗಾಡಿ ಇಲ್ಲಿ ಬೇಕಾ?"

ಅವಳು ಎದ್ದು ನಿಂತಳು, ತಲೆವಸ್ತ್ರ ಸರಿಮಾಡಿಕೊಂಡಳು. "ಅಯ್ಯೋ, ನಿಮಗ್ಯಾಕೆ ಸಾಹೇಬ್ರೆ ತೊಂದರೆ. ನಾವು ಹೇಗೋ ಸುಧಾರಿಸ್ತೀವಿ."

"ಸರಿ ಹಾಗಾದ್ರೆ," ಅಂದು ಅವರು ತಮ್ಮ ಪುಸ್ತಕದಲ್ಲಿ ಬೇಡ ಅಂತ ಬರೆದು ಮುಚ್ಚಿದರು.

ಇಪ್ಪತ್ತೇಳು ವರ್ಷದ ಹಿಂದೆಯೂ ಹೀಗೇ ಆಗಿತ್ತು, ಅವಳೇ ಒಮ್ಮೆ ನನಗೆ ಹೇಳಿದ್ದು. ತಬ್ರೀಜಿನ ಕಡೆಯ ಒಬ್ಬ ಮೇಷ್ಟ್ರು ಇವಳನ್ನು ಕೇಳಿಕೊಂಡು ಮನೆಗೆ ಬಂದಿದ್ದ. ಒಪ್ಪಿಗೆಯಾ ಅಂತ ಇವಳನ್ನೇ ಕೇಳಿದ. ಇವಳು ತಲೆ ತಗ್ಗಿಸಿ "ನಾನು ಅಷ್ಟಕ್ಕೆ ಯೋಗ್ಯಳಲ್ಲ" ಅಂದಳು. ನಾಚಿಕೆಯ ಮನುಷ್ಯ, ನಿಜವೆಂದು ನಂಬಿ ಎದ್ದುಹೋದ. ಇವಳು ಮುಂದಿನ ಹೊಸ ವರ್ಷದ ನವ್ರೂಜ್‌ವರೆಗೂ ಶುಕ್ರವಾರ ಶುಕ್ರವಾರ ಒಳ್ಳೆಯ ಲೋಟ ತೊಳೆದಿಟ್ಟು, ಇನ್ನೊಮ್ಮೆ ಕೇಳಲು ಬರುತ್ತಾನೆಂದು ಕಾದಳು.

ಸಾಹೇಬರು ಬಾಗಿಲು ದಾಟಿದರು. ಅಂಗಳದಲ್ಲಿ ಸೈಫುಲ್ಲಾ ಗಾಡಿಯ ಬೀಗದ ಕೈ ಹಿಡಿದು ನಿಂತಿದ್ದ. ನನಗೆ ರೇಗಿಹೋಗಿ ಏನೋ ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಫರಂಗೀಸ್ ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಅಂಗಳಕ್ಕೆ ಓಡಿದ್ದಳು.

"ಬೇಕು," ಅಂದಳು. "ಗಾಡಿ ಬೇಕು. ಆ ಮೂವತ್ತು ಜನಕ್ಕೂ ಬೇಕು. ನನಗೂ ಬೇಕು."

ಸಾಹೇಬರು ಅವಳನ್ನೊಮ್ಮೆ, ಪುಸ್ತಕವನ್ನೊಮ್ಮೆ ನೋಡಿದರು. "ಈಗಷ್ಟೇ ಬೇಡ ಅಂದ್ರಲ್ಲ."

"ಅಂದೆ. ಅದು ಮೊದಲನೇ ಸಲ."

ಅವರಿಗೆ ಎಷ್ಟು ಅರ್ಥವಾಯಿತೋ ದೇವರೇ ಬಲ್ಲ. ತಲೆ ಕೆರೆದುಕೊಂಡು, ಬರೆದದ್ದನ್ನು ಹೊಡೆದುಹಾಕಿ, ಗಾಡಿಯನ್ನು ಇಲ್ಲೇ ಬಿಟ್ಟು ಹೋದರು.

ಫರಂಗೀಸ್ ಒಳಗೆ ಬಂದು ಕುರ್ಚಿಯಲ್ಲಿ ಕುಸಿದಳು. ಮುಖವೆಲ್ಲ ಕೆಂಪು, ತಾನೇನು ಮಾಡಿದೆನೆಂದು ಅವಳಿಗೇ ತಿಳಿದಂತಿರಲಿಲ್ಲ. ಅವಳನ್ನು ಸಮಾಧಾನ ಮಾಡಲು ಎಂದಿನಂತೆ ಕೇಳಿದೆ, "ಒಂದು ಲೋಟ ಚಹಾ ತರ್ಲೇನೇ?"

"ತಾ ಅಕ್ಕ," ಅಂದಳು.

ಇಪ್ಪತ್ತೆರಡು ವರ್ಷದಲ್ಲಿ ಅವಳು ಒಂದೇ ಮಾತಿಗೆ ಒಪ್ಪಿದ್ದು ಅದೇ ಮೊದಲು. ಬೇಡ ಅನ್ನುತ್ತಾಳೆ, ಎರಡು ಸಲ ಹಾಗೆ ಎಳೆದಾಡುವಷ್ಟರಲ್ಲಿ ನೀರು ತುಂಬಿ ಕಾಯಿಸಬಹುದು ಅಂದುಕೊಂಡು ಕೇಳಿದ್ದೆ. ಸಮೋವರಿನಲ್ಲಿ ಒಂದು ಹನಿಯೂ ಇರಲಿಲ್ಲ.