ಗುಂಡಿಗೆಯ ಸುತ್ತ ನೀರು

ಆ ಆಸ್ಪತ್ರೆಯ ತುರ್ತು ವಿಭಾಗದಲ್ಲಿ ಅವಳನ್ನು ಎಲ್ಲರೂ ‘ಮೆಷಿನ್ ಡಾಕ್ಟ್ರಮ್ಮ’ ಅಂತಲೇ ಕರೆಯುತ್ತಿದ್ದರು. ರಕ್ತದೊತ್ತಡ ಕುಸಿದು, ಕೈಕಾಲು ತಣ್ಣಗಾಗಿ ಯಾರೇ ಬರಲಿ, ಸ್ಕ್ಯಾನಿಂಗ್ ಮೆಷಿನ್ನನ್ನು ಹಾಸಿಗೆ ಪಕ್ಕಕ್ಕೇ ತಳ್ಳಿಕೊಂಡು ಬರುತ್ತಿದ್ದಳು. ಗುಂಡಿಗೆ ಸರಿಯಾಗಿ ಹಿಂಡುತ್ತಿದೆಯೇ, ಹೊಟ್ಟೆಯೊಳಗೆ ರಕ್ತ ಸೋರಿದೆಯೇ, ಐದು ನಿಮಿಷದಲ್ಲಿ ಹೇಳಿಬಿಡುತ್ತಿದ್ದಳು. ಒಮ್ಮೆ ಹೊಟ್ಟೆಗೆ ಜೆಲ್ ಹಚ್ಚಿಸಿಕೊಂಡ ಮುದುಕನೊಬ್ಬ ಆ ಸಂಕಟದಲ್ಲೂ, “ಗಂಡೋ ಹೆಣ್ಣೋ?” ಅಂತ ಕೇಳಿ ವಾರ್ಡನ್ನೆಲ್ಲ ನಗಿಸಿದ್ದ.

ಈ ವಿದ್ಯೆ ಕಲಿಸಿದವರು ವಿಭಾಗದ ಮುಖ್ಯಸ್ಥರು. ಮೈಮೇಲೆ ಇಡುವ ಪ್ರೋಬನ್ನು ಒತ್ತಬೇಡ, ವಾಲಿಸು ಅಂತ ತಿಂಗಳುಗಟ್ಟಲೆ ಅವಳ ಕೈ ತಿದ್ದಿದ್ದರು. ಡ್ಯೂಟಿಯಲ್ಲಿ ಸರ್, ಮನೆಗೆ ಬಂದರೆ ಅಣ್ಣ. ಅವಳ ತಂದೆ ತೀರಿಕೊಂಡಾಗ ಮುಂದೆ ನಿಂತು ಎಲ್ಲ ನೋಡಿಕೊಂಡವರೂ ಅವರೇ.

ಒಂದು ಮಧ್ಯಾಹ್ನ ಶಾಲೆ ವ್ಯಾನಿನ ಡ್ರೈವರನ್ನು ಅವನ ಹೆಂಡತಿ ಕರೆತಂದಳು. ವಾರದಿಂದ ಎದೆನೋವು, ಈಗ ಮಾತೂ ಹೊರಡದಷ್ಟು ಏದುಸಿರು. ಕತ್ತಿನ ನರ ಉಬ್ಬಿದ್ದವು, ನಾಡಿ ಕೈಗೆ ಸಿಗುತ್ತಿರಲಿಲ್ಲ. ಎದೆಗೆ ಪ್ರೋಬ್ ಇಟ್ಟ ಕೂಡಲೇ ಪರದೆಯ ಮೇಲೆ ಕಂಡಿತು: ಗುಂಡಿಗೆಯ ಸುತ್ತ ಕಪ್ಪಗೆ ನೀರು ಕಟ್ಟಿ, ಅದನ್ನು ಹಿಗ್ಗಗೊಡದೆ ಅದುಮುತ್ತಿತ್ತು. ಸೂಜಿ ಹಾಕಿ ನೀರು ತೆಗೆದರೆ ಮನುಷ್ಯ ಉಳಿದಾನು. ಆದರೆ ಮುಖ್ಯಸ್ಥರ ಅಪ್ಪಣೆಯಿಲ್ಲದೆ ಅಲ್ಲಿ ಯಾರೂ ಆ ಕೆಲಸಕ್ಕೆ ಕೈಹಾಕುವಂತಿರಲಿಲ್ಲ.

ಫೋನ್ ಮಾಡಿ ಕಂಡದ್ದನ್ನೆಲ್ಲ ಹೇಳಿದಳು. ಅವರು ಯಾವುದೋ ಸಭೆಯಲ್ಲಿದ್ದರು.

“ಅವಸರ ಮಾಡಬೇಡಮ್ಮ. ಸಲೈನ್ ಓಡಿಸ್ತಿರು, ಹತ್ತು ನಿಮಿಷದಲ್ಲಿ ಬಂದೆ.”

ಹತ್ತು ನಿಮಿಷ ಹೋಗಿ ನಲವತ್ತಾಯಿತು. ಮತ್ತೆರಡು ಸಲ ಮಾಡಿದಳು, ಎತ್ತಲಿಲ್ಲ. ಕೊನೆಗೆ ಅಪ್ಪಣೆ ಗಿಪ್ಪಣೆ ಅಂತ ನೋಡದೆ ಸೂಜಿ ಎತ್ತಿಕೊಳ್ಳುವಷ್ಟರಲ್ಲಿ ಗುಂಡಿಗೆ ನಿಂತಿತು. ನೀರು ತೆಗೆದಳು, ಎದೆ ಒತ್ತಿದಳು. ಅದು ಮತ್ತೆ ಹೊಡೆದುಕೊಳ್ಳಲಿಲ್ಲ.

ವಾರ ಕಳೆದು ವಿಚಾರಣೆ ನಡೆಯಿತು. ಮುಖ್ಯಸ್ಥರ ನಾಲಿಗೆ ಒಂದಿಷ್ಟೂ ತಡವರಿಸಲಿಲ್ಲ. “ಬಿಪಿ ಕಮ್ಮಿ ಇದೆ ಅಂತಷ್ಟೇ ಹೇಳಿದ್ರು ಅವರು. ನೀರಿನ ವಿಷಯ ನನ್ನ ಕಿವಿಗೆ ಬೀಳಲೇ ಇಲ್ಲ.”

ಹತ್ತು ವರ್ಷ ‘ನೀನು’ ಎಂದವರು ಅವತ್ತು ‘ಅವರು’ ಎಂದದ್ದೇ ಅವಳಿಗೆ ಮೊದಲು ಚುಚ್ಚಿತು. ಸುಳ್ಳು ತಲೆಗೆ ಹತ್ತಿದ್ದು ಆಮೇಲೆ. ಫೋನ್ ಮಾಡುವಾಗ ಪಕ್ಕದಲ್ಲೇ ಇದ್ದ ನರ್ಸ್, ಗದ್ದಲದಲ್ಲಿ ಏನೂ ಕೇಳಿಸಲಿಲ್ಲ ಅಂತ ನೆಲ ನೋಡಿಕೊಂಡು ಹೇಳಿದಳು. ಡಾಕ್ಟ್ರಮ್ಮನಿಗೆ ಎಚ್ಚರಿಕೆಯ ಪತ್ರ ಬಂತು. ಅಣ್ಣ ಯಾಕೆ ಇತ್ತೀಚೆಗೆ ಬರುತ್ತಿಲ್ಲ ಅಂತ ಅಮ್ಮ ಕೇಳಿದರೆ, ಕೆಲಸ ಜಾಸ್ತಿ ಅಂದು ಮಾತು ಮರೆಸಿದಳು.

ಡ್ರೈವರನ ಹೆಂಡತಿಯ ಮನೆ ಹುಡುಕಿಕೊಂಡು ಹೋಗಿ ನಡೆದದ್ದನ್ನು ನಡೆದ ಹಾಗೆ ಹೇಳಿದಳು. “ಕಾದದ್ದು ನನ್ನ ತಪ್ಪು,” ಎಂದಳು. ಆಕೆ ಬಯ್ಯಲಿಲ್ಲ, ಕೂತುಕೊಳ್ಳಿ ಅಂತಲೂ ಅನ್ನಲಿಲ್ಲ.

ನಾಲ್ಕು ತಿಂಗಳಿಗೆ ಟೈಲರಮ್ಮ ಒಬ್ಬಳು ಅದೇ ಸ್ಥಿತಿಯಲ್ಲಿ ಬಂದಳು. ಈ ಸಲ ಡಾಕ್ಟ್ರಮ್ಮ ಫೋನ್ ಮುಟ್ಟಲಿಲ್ಲ. ಪರದೆಯಲ್ಲಿ ಕಣ್ಣು ನೆಟ್ಟು ಸೂಜಿ ಇಳಿಸಿದಳು. ಕೆಂಪು ನೀರು ಹೊರಬಂದಂತೆ ನಾಡಿ ಕೈಗೆ ಸಿಕ್ಕಿತು. ಸಂಜೆಯ ಹೊತ್ತಿಗೆ ಟೈಲರಮ್ಮ ಕುಡಿಯಲು ನೀರು ಕೇಳಿದಳು.

ಮುಖ್ಯಸ್ಥರು ಬಾಗಿಲಲ್ಲಿ ನಿಂತು, “ನಾನು ಕಲಿಸಿದ್ದು ವ್ಯರ್ಥ ಆಗಲಿಲ್ಲ ನೋಡು,” ಎಂದರು.

“ಕಲಿಸಿದ್ದು ನೀವೇ ಸರ್. ಅದನ್ನ ನಾನು ಎಲ್ಲೂ ಇಲ್ಲ ಅಂದಿಲ್ಲ.”

ಅವರು ಹೊರಟುಹೋದರು. ವರ್ಷದ ಕೊನೆಗೆ ಅವಳು ಬೇರೆ ಆಸ್ಪತ್ರೆ ಸೇರಿದಳು. ಬೀಳ್ಕೊಡುಗೆಗೆ ಅವರು ಬರಲಿಲ್ಲ. ಬಂದಾರು ಅಂತ ಅವಳು ಎರಡು ಸಲ ಬಾಗಿಲ ಕಡೆ ನೋಡಿದ್ದು ಮಾತ್ರ ನಿಜ.