ತಲೆ ಎತ್ತದ ಅಕ್ಕ

ಮನೋವೈದ್ಯರ ಕೋಣೆಯ ಹೊರಗೆ ಕೂತು ಚೀಟಿ ಬರೆಯುವ ಅಕ್ಕ ತಲೆ ಎತ್ತಿದ್ದನ್ನು ಕಂಡವರಿಲ್ಲ. ನೀಲಿ ಪರದೆ ಹಾಯ್ದು ಬರುವ ಬೆಳಕಿನಲ್ಲಿ ಆ ಜಾಗವೆಲ್ಲ ನೀರಿನೊಳಗೆ ತೇಲುತ್ತಿರುವಂತೆ ಕಾಣುತ್ತದೆ; ಅದರ ತಳದಲ್ಲಿ ಆಕೆ ಬಂದವರ ಕಾಲುಗಳನ್ನಷ್ಟೇ ನೋಡುತ್ತಾಳೆ. ಹಿಮ್ಮಡಿ ಸವೆದ ಕಪ್ಪು ಚಪ್ಪಲಿ ಸೋಮವಾರದ ಮೇಷ್ಟ್ರು, ಲೇಸು ಬಿಚ್ಚಿದ ಬೂಟು ನಿದ್ದೆ ಬಾರದ ಡ್ರೈವರು. ಸ್ವಂತ ಗಂಡ ಹೊಸ ಚಪ್ಪಲಿ ಮೆಟ್ಟಿ ಬಂದಾಗ "ಕೂತ್ಕೊಳ್ಳಿ, ಕರೀತೀನಿ" ಎಂದು ಅರ್ಧ ಗಂಟೆ ಕೂರಿಸಿದ್ದಳಂತೆ. ಬೆಂಚು ತುಂಬ ಜನರಿದ್ದರೂ ಫೋನಿನಲ್ಲಿ ಯಾರು ಯಾರ ಬಗ್ಗೆ ಕೇಳಿದರೂ "ಇಲ್ಲಿಗೆ ಯಾರೂ ಬಂದಿಲ್ಲಪ್ಪ" ಎನ್ನುತ್ತಾಳೆ. ನಾನು ಹೆಣ್ಣಾಗಿ ಬದುಕತೊಡಗಿದ ಮೇಲೂ ಮುಖ ಮಾತ್ರ ಗಂಡಸಿನದೇ ಉಳಿದಿತ್ತು. ನಾಲ್ಕು ವರ್ಷ, ವಾರಕ್ಕೊಮ್ಮೆ, ದವಡೆ ಮುಚ್ಚುವಂತೆ ಶಾಲು ಸುತ್ತಿಕೊಂಡು ಅಲ್ಲಿಗೆ ಹೋದೆ. "ಬಾ ತಂಗಿ, ಮಂಗಳವಾರ ನಾಲ್ಕು ಗಂಟೆ ಅಲ್ವಾ?" ಎಂದು ಆಕೆ ನನ್ನ ಹಸಿರು ಚಪ್ಪಲಿಯನ್ನು ಕೇಳುತ್ತಿದ್ದಳು. ಏನು ಬಿಂಕವಪ್ಪಾ ಈಕೆಗೆ ಎಂದುಕೊಳ್ಳುತ್ತಿದ್ದೆ. ಹಣೆ, ದವಡೆಗಳ ಶಸ್ತ್ರಚಿಕಿತ್ಸೆಯಾಗಿ, ಊತವೆಲ್ಲ ಇಳಿದ ಮೇಲೆ, ಮೊನ್ನೆ ಶಾಲಿಲ್ಲದೆ ಹೋದೆ. ಡಾಕ್ಟರನ್ನು ಕಂಡು ಹೊರಗೆ ಬಂದಾಗ ಆಕೆ ಎಂದಿನಂತೆ, "ಮುಂದಿನ ಮಂಗಳವಾರಕ್ಕೇ ಬರೀಲಾ?" ಎಂದಳು. "ಬೇಡಕ್ಕ, ಇನ್ಮೇಲೆ ಮೂರು ತಿಂಗಳಿಗೊಂದ್ಸಲ ಬಂದ್ರೆ ಸಾಕಂದ್ರು." ಪೆನ್ನು ನಿಂತಿತು. ಆಕೆ ಕನ್ನಡಕ ತೆಗೆದಳು, ಸೆರಗಿಗೆ ಒರೆಸಿ ಮತ್ತೆ ಹಾಕಿಕೊಂಡಳು, ತಲೆ ಬಗ್ಗಿಸಿಕೊಂಡೇ ಮೆಲ್ಲಗೆ ಕೇಳಿದಳು: "ಈಗ ಮುಖ ನೋಡ್ಲಾ, ತಂಗಿ?"